ಬರಿಗಾಲಿನ ಆಟಗಾರ: ಬೆಂಗಳೂರಿನ ಅಹಮದ್ ಖಾನ್

ಕಳೆದ ಮಳೆಗಾಲದ ಮಾತು. ಠಾಣೆಯಲ್ಲಿ ನಡೆದ ಅಂತರಶಾಲಾ ಕಾಲ್ಚೆಂಡಿನ ಪಂದ್ಯಕ್ಕೆ ನಮ್ಮ ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ತಂಡದಲ್ಲಿ ಎಂಟನೆಯ ಇಯತ್ತೆಯ ಬಾಲಕನೊಬ್ಬನಿದ್ದ. ಶಾಲೆಯ ಅಂಗಳದಲ್ಲಿ ಚೆಂಡು ಅವನ ಕಾಲಿಗೆ ಬಂದಿತೆಂದರೆ ಅದನ್ನು ಬಿಡಿಸಿಕೊಳ್ಳುವುದು ಹತ್ತನೆಯವರಿಗೂ ಸುಲಭವಲ್ಲ. ಆದರೆ ಆಟ ಆರಂಭವಾಗುವ ಮುನ್ನ ಪಂಚರು ಬಂದು ಎಲ್ಲರ ಕಾಲುಗಳನ್ನೂ ನೋಡಿ, ಇವನನ್ನು ಮಾತ್ರ ಗೆರೆಯಿಂದ ಆಚೆಗೆ ನಿಲ್ಲಿಸಿದರು. ಅವನ ಕಾಲಲ್ಲಿ ಬೂಟು ಇರಲಿಲ್ಲ. ಪಾದರಕ್ಷೆ ಇಲ್ಲದೆ ಯಾರೂ ಆಡಕೂಡದೆಂಬುದು ಆಟದ ನಿಯಮ. ಪಂಚರ ತಪ್ಪೇನೂ ಇರಲಿಲ್ಲ. ನಿಯಮವನ್ನು ತಿಳಿದಿದ್ದೂ ಮುಂಚಿತವಾಗಿ ವಿಚಾರಿಸದಿದ್ದ ತಪ್ಪು ನನ್ನದು. ಹುಡುಗನು ಆಟ ಮುಗಿಯುವವರೆಗೂ ಮಳೆಯಲ್ಲಿ ತೋಯುತ್ತ ನಿಂತಿದ್ದ. ನಾವು ಸೋತೆವು.

ಮರಳಿ ಬರುವಾಗ ಗಾಡಿಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಮುಂಬ್ರಾದ ಗುಡ್ಡಗಳು ಹಿಂದೆ ಸರಿದು, ದಿವಾ ನಿಲ್ದಾಣ ದಾಟಿದ ಮೇಲೆ ಆ ಹುಡುಗನು ಮೆಲ್ಲನೆ, “ಸರ್, ಬೂಟಿಲ್ಲದವನು ಆಟಗಾರನೇ ಅಲ್ಲವೇ?” ಎಂದು ಕೇಳಿದ. ಡೊಂಬಿವಲಿ ಬರಲು ಕೆಲವೇ ನಿಮಿಷಗಳಿದ್ದವು. ಅಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅದಾಗಿರಲಿಲ್ಲ. ಆದುದರಿಂದ ಅವನಿಗೂ, ಅವನಂತಹ ಇತರರಿಗೂ ಈ ವಾರ್ಷಿಕ ಸಂಚಿಕೆಯ ಮೂಲಕ ಒಬ್ಬ ಆಟಗಾರರ ವೃತ್ತಾಂತವನ್ನು ಹೇಳಬಯಸಿದ್ದೇನೆ. ಅವರು ನಮ್ಮ ಕನ್ನಡ ನಾಡಿನ ರಾಜಧಾನಿಯಲ್ಲಿ ಹುಟ್ಟಿದವರು. ಬರಿಗಾಲಿನಲ್ಲೇ ಲಂಡನ್ನಿನ ಒಲಿಂಪಿಕ್ ಕ್ರೀಡೆಗಳಲ್ಲಿ ಆಡಿ ಬಂದವರು. ಅವರ ಹೆಸರು ಅಹಮದ್ ಖಾನ್.

ವಿದ್ಯಾರ್ಥಿ ಮಿತ್ರರೇ, ಮೊದಲು ‘ಫುಟ್‌ಬಾಲ್’ ಎಂಬ ಶಬ್ದವನ್ನೇ ತುಸು ವಿಚಾರಿಸೋಣ. ಜಗತ್ತಿನಲ್ಲಿ ಈ ಹೆಸರಿನ ಆಟಗಳು ಒಂದಕ್ಕಿಂತ ಹೆಚ್ಚಾಗಿವೆ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಚೆಂಡು ಎರಡು ತುದಿಗಳಲ್ಲಿ ಚೂಪಾಗಿರುತ್ತದೆ. ಅದು ಕಾಲಿಗಿಂತ ಕೈಯಲ್ಲಿಯೇ ಹೆಚ್ಚು ಹೊತ್ತು ಇರುತ್ತದೆ. ಆ ಆಟದಲ್ಲಿ ‘ರನ್ನಿಂಗ್ ಬ್ಯಾಕ್’ ಎಂಬ ಒಬ್ಬ ಆಟಗಾರನಿರುತ್ತಾನೆ. ಚೆಂಡನ್ನು ತೋಳಿನಲ್ಲಿ ಅವಚಿಕೊಂಡು, ತನ್ನನ್ನು ಕೆಡವಲು ಬರುವ ಎದುರಾಳಿಗಳ ನಡುವೆ ನುಸುಳಿ ಮುಂದಕ್ಕೆ ಓಡುವುದೇ ಅವನ ಮುಖ್ಯ ಕೆಲಸ. ಅವನು ಎಷ್ಟು ಗಜ ಮುಂದುವರಿದನೆಂಬುದನ್ನು ಅಳೆದು ಲೆಕ್ಕವಿಡುತ್ತಾರೆ. ಜಿಮ್ ಬ್ರೌನ್ ಎಂಬ ಪ್ರಖ್ಯಾತ ಆಟಗಾರನು 1957ರಿಂದ 1965ರವರೆಗೆ ಒಂಬತ್ತು ಋತುಗಳಲ್ಲಿ ಹೀಗೆ ಓಡಿ ಗಳಿಸಿದ್ದು 12,312 ಗಜ. ನಮ್ಮ ಅಳತೆಯಲ್ಲಿ ಹೇಳುವುದಾದರೆ ಇದು ಹನ್ನೊಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಡೊಂಬಿವಲಿಯಿಂದ ಕಲ್ಯಾಣಕ್ಕೆ ಗಾಡಿಯಲ್ಲಿ ಹೋಗಿ ಮರಳಿ ಬಂದಷ್ಟು ದೂರ! ನಾವು ಅರ್ಧ ಗಂಟೆಯೊಳಗೆ ಮುಗಿಸುವ ಪ್ರಯಾಣಕ್ಕೆ ಆತನಿಗೆ ಒಂಬತ್ತು ವರ್ಷಗಳು ಬೇಕಾದವು. ಏಕೆಂದರೆ ಒಂದೊಂದು ಗಜಕ್ಕೂ ಎದುರಿಗೆ ಮನುಷ್ಯರ ಗೋಡೆ ನಿಂತಿತ್ತು. ಆತನು 1966ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಆಟದಿಂದ ನಿವೃತ್ತನಾದ. ಇತರ ವೃತ್ತಿಗಳಲ್ಲಿ ಮನುಷ್ಯನು ಹೆಸರು ಗಳಿಸಲಾರಂಭಿಸುವ ವಯಸ್ಸಿನಲ್ಲಿ ಓಟಗಾರನ ವೃತ್ತಿ ಮುಗಿದುಹೋಗಿರುತ್ತದೆ.

ನಮ್ಮ ದೇಶದಲ್ಲಿ ಈ ಆಟ ಹೆಚ್ಚಾಗಿ ಇಲ್ಲ. ಆದರೆ ಅದೇ ವಿದ್ಯೆಯನ್ನು ನೀವು ಬೇರೆ ರೂಪಗಳಲ್ಲಿ ನಿತ್ಯ ಕಾಣುತ್ತೀರಿ. ಕಬಡ್ಡಿಯಲ್ಲಿ ಎದುರು ಅಂಗಳಕ್ಕೆ ಹೋಗಿ, ಏಳು ಮಂದಿಯ ಹಿಡಿತ ತಪ್ಪಿಸಿ ಬರುವವನ ವಿದ್ಯೆ ಇದೇ. ಕಾಲ್ಚೆಂಡಿನಲ್ಲಿ ಚೆಂಡನ್ನು ಪಾದದ ಬಳಿಯಲ್ಲೇ ಇಟ್ಟುಕೊಂಡು ಒಬ್ಬರಾದ ಮೇಲೊಬ್ಬರನ್ನು ದಾಟುವವನ ವಿದ್ಯೆಯೂ ಇದೇ. ಇದರ ಗುಟ್ಟು ವೇಗವೊಂದರಲ್ಲಿಯೇ ಇಲ್ಲ. ಓಡುವ ದೇಹವು ತಾನು ಹೊರಟ ದಿಕ್ಕಿನಲ್ಲಿಯೇ ಮುಂದುವರಿಯಬಯಸುತ್ತದೆ ಎಂದು ವಿಜ್ಞಾನದ ಪಾಠದಲ್ಲಿ ನೀವು ಕಲಿತಿದ್ದೀರಿ, ಅದನ್ನು ಜಡತ್ವವೆನ್ನುತ್ತಾರೆ. ಚತುರನಾದ ಆಟಗಾರನು ಎಡಕ್ಕೆ ಹೋಗುವವನಂತೆ ಭುಜವನ್ನು ಬಾಗಿಸುತ್ತಾನೆ. ಎದುರಾಳಿಯು ಅದನ್ನು ನಂಬಿ ತನ್ನ ದೇಹದ ಭಾರವನ್ನೆಲ್ಲ ಆ ಕಡೆಯ ಕಾಲಿನ ಮೇಲೆ ಹಾಕುತ್ತಾನೆ. ಅದೇ ಕ್ಷಣದಲ್ಲಿ ಮೊದಲನೆಯವನು ಬಲಕ್ಕೆ ಸರಿಯುತ್ತಾನೆ. ಭಾರ ಹೊತ್ತ ಕಾಲನ್ನು ಎತ್ತಿ ತಿರುಗುವುದಕ್ಕೆ ಎದುರಾಳಿಗೆ ಒಂದು ಗಳಿಗೆ ಬೇಕು. ಆ ಒಂದು ಗಳಿಗೆಯೇ ಓಟಗಾರನ ಬಂಡವಾಳ. ಅಹಮದ್ ಖಾನರು ಈ ಬಂಡವಾಳದಿಂದಲೇ ಬಾಳಿದವರು.

ಅವರು ಜನಿಸಿದ್ದು 1926ನೆಯ ಇಸವಿ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಅವರದು ಕಾಲ್ಚೆಂಡಿನ ಮನೆತನ. ತಂದೆಯೂ ಆಡಿದವರು, ಸಹೋದರರೂ ಆಡಿದವರು. ಅಂದಿನ ಬೆಂಗಳೂರು ದಂಡು ಪ್ರದೇಶದಲ್ಲಿ ಬ್ರಿಟಿಷ್ ಪಲ್ಟಣಗಳು ಬೀಡುಬಿಟ್ಟಿದ್ದವು. ಆ ಸಿಪಾಯಿಗಳ ಆಟವನ್ನು ಬಯಲಿನ ಅಂಚಿನಲ್ಲಿ ನಿಂತು ನೋಡಿದ ಸ್ಥಳೀಯ ಹುಡುಗರು ತಾವೂ ಚೆಂಡು ಒದೆಯಲಾರಂಭಿಸಿದರು. ಸಿಪಾಯಿಗಳಿಗೆ ಬೂಟು ಇತ್ತು, ಹುಡುಗರಿಗೆ ಇರಲಿಲ್ಲ; ವ್ಯತ್ಯಾಸ ಇಷ್ಟೇ. ಆದರೆ ಈ ಬರಿಗಾಲಿನ ನಗರವು ಬೇಗನೆ ದೇಶದ ದೊಡ್ಡ ಪಂದ್ಯಗಳಲ್ಲಿ ಹೆಸರು ಗಳಿಸಿತು. ನಮ್ಮ ಮುಂಬಯಿಯಲ್ಲಿ ರೋವರ್ಸ್ ಕಪ್ ಎಂಬ ಹಳೆಯ ಪಂದ್ಯಾವಳಿಯೊಂದಿತ್ತು. ಅದು 1891ರಷ್ಟು ಹಿಂದಿನದು. ದಶಕಗಳ ಕಾಲ ಅದರ ಕಪ್ಪು ಬ್ರಿಟಿಷ್ ಪಲ್ಟಣಗಳ ಕೈಯಲ್ಲಿಯೇ ಇತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ‘ಬೆಂಗಳೂರು ಮುಸ್ಲಿಮ್ಸ್’. ಮರುವರ್ಷವೂ ಅದೇ ತಂಡ ಗೆದ್ದಿತು. ಅಹಮದ್ ಖಾನರು ತಮ್ಮ ತಾರುಣ್ಯದಲ್ಲಿ ಆಡಿದ್ದು ಈ ತಂಡದಲ್ಲಿ. ಮೈಸೂರು ಸಂಸ್ಥಾನದ ತಂಡವು 1946-47ರಲ್ಲಿ ಪ್ರಾಂತಗಳ ನಡುವಣ ಸಂತೋಷ್ ಟ್ರೋಫಿಯನ್ನೂ ಗೆದ್ದಿತ್ತು. ಸ್ವತಂತ್ರ ಭಾರತವು ಮೊತ್ತಮೊದಲು ಒಲಿಂಪಿಕ್ ಕಾಲ್ಚೆಂಡಿಗೆ ತಂಡವನ್ನು ಆರಿಸಿದಾಗ ಅದರಲ್ಲಿ ಬೆಂಗಳೂರಿನವರು ಹಲವರಿದ್ದುದು ಆಶ್ಚರ್ಯವಲ್ಲ.

1948ನೆಯ ಇಸವಿ ಜುಲೈ 31. ಲಂಡನ್ನಿನ ಪೂರ್ವಕ್ಕಿರುವ ಇಲ್‌ಫರ್ಡಿನ ಕ್ರಿಕಲ್‌ಫೀಲ್ಡ್ ಮೈದಾನ. ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಎದುರಾಳಿ ಫ್ರಾನ್ಸ್. ನಾಗಾ ಪ್ರದೇಶದಿಂದ ಬಂದ ಡಾಕ್ಟರ್ ತಾಲಿಮೆರೆನ್ ಆವೊ ನಮ್ಮ ನಾಯಕರು. ನಮ್ಮ ತಂಡವು ಅಂಗಣಕ್ಕೆ ಇಳಿದಾಗ ಪ್ರೇಕ್ಷಕರು ಬೆರಗಾದರು. ಹನ್ನೊಂದು ಮಂದಿಯಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟುಗಳಿರಲಿಲ್ಲ. ಇಪ್ಪತ್ತೊಂದು ವರ್ಷದ ಅಹಮದ್ ಖಾನರೂ ಬರಿಗಾಲಿನವರೇ. ಮೊಳೆಗಳಿರುವ ಬೂಟು ತೊಟ್ಟ ಯೂರೋಪಿನ ಆಟಗಾರರ ನಡುವೆ ಈ ಬರಿಯ ಪಾದಗಳು ಏನು ಮಾಡಬಲ್ಲವೆಂದು ನೋಡಿದವರಿಗೆ ಅನ್ನಿಸಿರಬೇಕು. ಆದರೆ ಆಟ ಸರಿಸಮವಾಗಿ ನಡೆಯಿತು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ಎಪ್ಪತ್ತನೆಯ ನಿಮಿಷದಲ್ಲಿ ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ಭಾರತದ ಮೊದಲ ಗೋಲು ಅದು. ದೈವವಶಾತ್ ನಮಗೆ ದೊರೆತ ಎರಡು ಪೆನಾಲ್ಟಿ ಒದೆತಗಳೂ ವ್ಯರ್ಥವಾದವು. ಆಟ ಮುಗಿಯಲು ಒಂದೇ ನಿಮಿಷ ಉಳಿದಿದ್ದಾಗ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತರೂ ಆ ದಿನ ಭಾರತೀಯರು ಕುಗ್ಗಿ ಹೊರಬರಲಿಲ್ಲ.

ಬರಿಗಾಲಿನಿಂದ ಆಡುವುದರಲ್ಲಿ ಇದ್ದ ಅನುಕೂಲವೇನೆಂದು ನೀವು ಕೇಳಬಹುದು. ನಮ್ಮ ದೇಶದ ಬಯಲುಗಳು ವರ್ಷದ ಹೆಚ್ಚಿನ ಕಾಲ ಒಣಗಿ ಗಟ್ಟಿಯಾಗಿರುತ್ತವೆ. ಅಂತಹ ನೆಲದಲ್ಲಿ ಪಾದದ ಚರ್ಮವು ಜಾರುವುದಿಲ್ಲ. ಚೆಂಡಿನ ಉಬ್ಬು ತಗ್ಗು, ಅದು ತಿರುಗುವ ಬಗೆ, ಅದರ ಭಾರ, ಇವೆಲ್ಲ ಬೆರಳುಗಳಿಗೆ ನೇರವಾಗಿ ತಿಳಿಯುತ್ತವೆ. ತಬಲಾ ವಾದಕನ ಬೆರಳಿಗೆ ಕೈಗವುಸು ತೊಡಿಸಿದರೆ ಹೇಗೋ, ಬಾಲ್ಯದಿಂದ ಬರಿಗಾಲಿನಲ್ಲಿ ಆಡಿದವನಿಗೆ ಬೂಟು ಹಾಗೆ. ಅಹಮದ್ ಖಾನರ ಪಾದದ ಬಳಿ ಚೆಂಡು ಎಷ್ಟು ವಿಧೇಯವಾಗಿ ಇರುತ್ತಿತ್ತೆಂದರೆ, ಪುಂಗಿಯ ನಾದಕ್ಕೆ ಆಡುವ ಹಾವಿನಂತೆ ಅದು ಅವರು ತೋರಿದ ಕಡೆಗೆ ಹೊರಳುತ್ತಿತ್ತಂತೆ. ಅದಕ್ಕಾಗಿ ಜನರು ಅವರಿಗೆ ‘ಹಾವಾಡಿಗ’ ಎಂಬ ಹೆಸರನ್ನೇ ಇಟ್ಟರು.

ಆದರೆ ಬರಿಗಾಲಿಗೆ ಶತ್ರುಗಳೂ ಇದ್ದವು. ಮಳೆ ಬಂದು ನೆಲ ಕೆಸರಾದರೆ ಚರ್ಮಕ್ಕೆ ಹಿಡಿತ ಸಿಗದು; ಅಲ್ಲಿ ಬೂಟಿನ ಅಡಿಯ ಮೊಳೆಗಳೇ ನೆಲವನ್ನು ಕಚ್ಚಿ ಹಿಡಿಯಬಲ್ಲವು. ಆ ಕಾಲದ ಚೆಂಡು ಚರ್ಮದ್ದು. ನೀರು ಕುಡಿದು ಕಲ್ಲಿನಂತೆ ಭಾರವಾಗುತ್ತಿತ್ತು. ಇದಲ್ಲದೆ ಬೂಟು ತೊಟ್ಟ ಎದುರಾಳಿಯ ಒಂದು ಹೊಡೆತಕ್ಕೆ ಬರಿಗಾಲಿನ ಬೆರಳು ಮುರಿಯುವ ಭಯ ಯಾವಾಗಲೂ ಇರುತ್ತಿತ್ತು. ಈ ಮಾತನ್ನು ನೆನಪಿನಲ್ಲಿಡಿರಿ; ನಮ್ಮ ಕಥೆಯ ತಿರುವು ಇಲ್ಲಿಯೇ ಇದೆ.

ಲಂಡನ್ನಿನಿಂದ ಮರಳಿದ ಮರುವರ್ಷ, 1949ರಲ್ಲಿ, ಅಹಮದ್ ಖಾನರು ಬೆಂಗಳೂರನ್ನು ಬಿಟ್ಟು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಸೇರಿದರು. ಈ ಕ್ಲಬ್ಬಿನ ವಿಷಯವಾಗಿ ಎರಡು ಮಾತು ಹೇಳದೆ ಅವರ ಸಾಧನೆ ಅರ್ಥವಾಗದು. ಅದು 1920ರಲ್ಲಿ ಸ್ಥಾಪಿತವಾದುದು. ಪೂರ್ವ ಬಂಗಾಲದ ಮೂಲದವರ ಅಭಿಮಾನದ ಸಂಸ್ಥೆ. 1947ರಲ್ಲಿ ದೇಶ ವಿಭಜನೆಯಾದಾಗ ಲಕ್ಷಾಂತರ ಜನ ಮನೆಮಠಗಳನ್ನು ಬಿಟ್ಟು ಪೂರ್ವದಿಂದ ಕಲ್ಕತ್ತೆಗೆ ಬಂದರು. ನೆಲ ಕಳೆದುಕೊಂಡವರಿಗೆ ಅವರ ನೆಲದ ಹೆಸರನ್ನು ಹೊತ್ತ ಈ ತಂಡವೊಂದೇ ತಮ್ಮದೆಂದು ಹೇಳಿಕೊಳ್ಳಲು ಉಳಿದಿತ್ತು. ದಿನವಿಡೀ ಕೆಲಸ ಹುಡುಕಿ ಬಳಲಿದವರು ಸಂಜೆ ಮೈದಾನಕ್ಕೆ ಬಂದು ಈ ತಂಡದ ಗೆಲುವಿನಲ್ಲಿ ತಮ್ಮ ದುಃಖವನ್ನು ಮರೆಯುತ್ತಿದ್ದರು.

ಆ ಜನರ ಕಣ್ಮಣಿಗಳಾದ ಐವರು ಆಟಗಾರರಲ್ಲಿ ಒಬ್ಬರೂ ಬಂಗಾಲಿಗಳಲ್ಲವೆಂಬುದು ವಿಶೇಷ! ಆ ಕಾಲದಲ್ಲಿ ತಂಡವನ್ನು ಹೀಗೆ ನಿಲ್ಲಿಸುತ್ತಿದ್ದರು: ಗೋಲಿ ಒಬ್ಬ, ಅವನ ಮುಂದೆ ಇಬ್ಬರು ಬ್ಯಾಕುಗಳು, ಅವರ ಮುಂದೆ ಮೂವರು ಹಾಫ್‌ಬ್ಯಾಕುಗಳು, ಎಲ್ಲರಿಗಿಂತ ಮುಂದೆ ಐವರು ಫಾರ್ವರ್ಡುಗಳು. ಈಸ್ಟ್ ಬೆಂಗಾಲಿನ ಮುಂಚೂಣಿಯಲ್ಲಿ ಬಲದಿಂದ ಎಡಕ್ಕೆ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇ ಎಂಬ ಐವರು ನಿಲ್ಲುತ್ತಿದ್ದರು. ಐವರೂ ದಕ್ಷಿಣ ಭಾರತದವರು. ಕಲ್ಕತ್ತೆಯ ಜನ ಅವರನ್ನು ‘ಪಂಚ ಪಾಂಡವರು’ ಎಂದು ಕರೆದರು. ಹೆಸರುಗಳನ್ನು ಗಮನಿಸಿರಿ: ಹಿಂದೂ, ಮುಸಲ್ಮಾನ ಎಂಬ ಭೇದ ಅಲ್ಲಿ ಇರಲಿಲ್ಲ. ವಿಭಜನೆಯ ಗಾಯ ಇನ್ನೂ ಮಾಯದಿದ್ದ ನಗರದಲ್ಲಿ, ಆ ಗಾಯವನ್ನು ಅನುಭವಿಸಿದ ಜನರೇ, ಅಹಮದ್ ಖಾನರನ್ನೂ ಸಾಲೆಯವರನ್ನೂ ಪಾಂಡವರೆಂದು ಕರೆದರು. ಪುಸ್ತಕದಲ್ಲಿ ನಾವು ಓದುವ ಐಕ್ಯದ ಪಾಠವು ಆಟದ ಬಯಲಿನಲ್ಲಿ ಹೀಗೆ ನಡೆದು ತೋರಿತು.

ಈ ಐವರಲ್ಲಿ ಅಹಮದ್ ಖಾನರದು ‘ಇನ್‌ಸೈಡ್ ಲೆಫ್ಟ್’ ಎಂಬ ಸ್ಥಾನ. ನಟ್ಟನಡುವಿನವನಿಗೂ ಎಡ ಅಂಚಿನವನಿಗೂ ಮಧ್ಯೆ. ಹಿಂದಿನಿಂದ ಚೆಂಡನ್ನು ಪಡೆದು, ಎದುರಾಳಿಗಳನ್ನು ತನ್ನತ್ತ ಸೆಳೆದು, ಅವರನ್ನು ದಾಟಿ, ತೆರವಾದ ಜಾಗಕ್ಕೆ ಓಡುವ ಜೊತೆಗಾರನಿಗೆ ಚೆಂಡನ್ನು ಒಪ್ಪಿಸುವುದು ಆ ಸ್ಥಾನದವನ ಕರ್ತವ್ಯ. ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ದಾರಿ ಮಾಡಿಕೊಟ್ಟವನ ಹೆಸರು ನೋಡಿದವರ ಮನಸ್ಸಿನಲ್ಲಿ ಉಳಿಯುತ್ತದೆ.

1949ರಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತಾ ಲೀಗನ್ನೂ, ಐ.ಎಫ್.ಎ. ಶೀಲ್ಡನ್ನೂ, ನಮ್ಮ ಮುಂಬಯಿಯ ರೋವರ್ಸ್ ಕಪ್ಪನ್ನೂ ಒಂದೇ ವರ್ಷದಲ್ಲಿ ಗೆದ್ದಿತು. ಶೀಲ್ಡನ್ನು 1949, 1950, 1951 ಹೀಗೆ ಸತತವಾಗಿ ಮೂರು ವರ್ಷ ಗೆದ್ದಿತು. ದಿಲ್ಲಿಯ ಡ್ಯೂರಂಡ್ ಕಪ್ಪು 1951 ಮತ್ತು 1952ರಲ್ಲಿ ಅದರ ಪಾಲಾಯಿತು. ಮುಂಬಯಿಯ ಕೂಪರೇಜ್ ಮೈದಾನದ ಬಳಿ ನೀವು ಎಂದಾದರೂ ಹಾದುಹೋದರೆ, ಬೆಂಗಳೂರಿನವರ ಎಷ್ಟೋ ಗೆಲುವುಗಳಿಗೆ ಈ ಊರೂ ಸಾಕ್ಷಿಯಾಗಿತ್ತೆಂಬುದನ್ನು ನೆನೆಯಿರಿ. ರೋವರ್ಸ್ ಪಂದ್ಯಾವಳಿಯು ಹೊಸ ಶತಮಾನ ಕಾಲಿಡುವ ಸುಮಾರಿಗೆ ನಿಂತುಹೋಯಿತು.

1951ರ ಮಾರ್ಚ್ ತಿಂಗಳಲ್ಲಿ ಹೊಸದಿಲ್ಲಿಯಲ್ಲಿ ಮೊದಲ ಏಷ್ಯನ್ ಕ್ರೀಡೆಗಳು ನಡೆದವು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಶಿಕ್ಷಕರು, ಶೈಲೇನ್ ಮನ್ನಾ ನಾಯಕರು. ಭಾರತವು ಇಂಡೊನೇಷ್ಯವನ್ನೂ ಅಫಘಾನಿಸ್ಥಾನವನ್ನೂ ಸೋಲಿಸಿ, ಅಂತಿಮ ಪಂದ್ಯದಲ್ಲಿ ಮೇವಾಲಾಲರ ಒಂದು ಗೋಲಿನಿಂದ ಇರಾನನ್ನು ಜಯಿಸಿ ಸ್ವರ್ಣಪದಕವನ್ನು ಪಡೆಯಿತು. ಅಹಮದ್ ಖಾನರು ಆ ತಂಡದಲ್ಲಿದ್ದರು.

ಇದರ ನಡುವೆ, 1950ರಲ್ಲಿ, ಬ್ರೆಜಿಲ್ ದೇಶದಲ್ಲಿ ನಡೆದ ವಿಶ್ವಕಪ್ಪಿಗೆ ಭಾರತಕ್ಕೆ ಸ್ಥಾನ ದೊರೆತಿದ್ದರೂ ನಮ್ಮ ತಂಡ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡದಿದ್ದುದೇ ಅದಕ್ಕೆ ಕಾರಣವೆಂದು ಇಂದಿಗೂ ಅನೇಕರು ಹೇಳುವುದುಂಟು. ಆದರೆ ಆ ಮಾತು ಪೂರ್ಣ ಸತ್ಯವಲ್ಲ. ಬ್ರೆಜಿಲ್ ಬಹು ದೂರ, ಪ್ರಯಾಣ ದೀರ್ಘವಾದುದು. ಇದಲ್ಲದೆ ಆ ಕಾಲದ ಅಧಿಕಾರಿಗಳಿಗೆ ಒಲಿಂಪಿಕ್ಸೇ ದೊಡ್ಡದಾಗಿ ಕಂಡಿತ್ತು, ವಿಶ್ವಕಪ್ಪಿನ ಮಹತ್ವ ತಿಳಿದಿರಲಿಲ್ಲ. ಆಗ ಅಹಮದ್ ಖಾನರಿಗೆ ಇಪ್ಪತ್ತಮೂರು ವರ್ಷ; ಆಟದ ಉಚ್ಛ್ರಾಯದ ಕಾಲ. ಕೈಬಿಟ್ಟ ಆ ಅವಕಾಶವು ಅವರ ಪಾಲಿಗೆ ಮರಳಿ ಬರಲಿಲ್ಲ. ಪುರುಷರ ವಿಶ್ವಕಪ್ಪಿನಲ್ಲಿ ದೇಶದ ಪಾಲಿಗೂ ಇನ್ನೂ ಬಂದಿಲ್ಲ. ಓಟಗಾರನ ಆಯುಷ್ಯ ಅಲ್ಪವೆಂದು ಮೊದಲೇ ಹೇಳಿದೆನಷ್ಟೆ. ಇತರರು ಮುಂದಿನ ಸಲ ನೋಡೋಣವೆನ್ನಬಹುದು. ಆಟಗಾರನಿಗೆ ಆ ಭಾಗ್ಯವಿಲ್ಲ.

1952ರಲ್ಲಿ ಫಿನ್‌ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಮತ್ತೆ ಒಲಿಂಪಿಕ್ಸ್. ಜುಲೈ 15ರಂದು ನಮ್ಮ ಎದುರಾಳಿ ಯುಗೊಸ್ಲಾವಿಯ. ನಮ್ಮವರಲ್ಲಿ ಹಲವರು ಆಗಲೂ ಬರಿಗಾಲಿನವರು. ಉತ್ತರದ ತಂಪು ನಾಡು, ಮೆತ್ತನೆಯ ಹುಲ್ಲಿನ ನೆಲ; ಕಲ್ಕತ್ತೆಯ ಬಯಲಿನ ಗಟ್ಟಿ ಮಣ್ಣು ಅಲ್ಲಿರಲಿಲ್ಲ. ಎದುರಾಳಿಗಳೋ ದೇಹಬಲದಲ್ಲಿಯೂ ವ್ಯೂಹರಚನೆಯಲ್ಲಿಯೂ ನಮಗಿಂತ ಬಹಳ ಮುಂದಿದ್ದವರು. ಅವರ ಜೆಬೆಚ್ ಎಂಬ ಆಟಗಾರನೊಬ್ಬನೇ ನಾಲ್ಕು ಗೋಲು ಹೊಡೆದ. ಲೆಕ್ಕ ಹತ್ತಕ್ಕೆ ಏರಿತು; ಭಾರತದ್ದು ಸೊನ್ನೆ.

ಈಗ ಆ ಮೈದಾನವನ್ನು ಕಲ್ಪಿಸಿಕೊಳ್ಳಿರಿ. ಆಟ ಮುಗಿಯಲು ಒಂದೆರಡೇ ನಿಮಿಷಗಳಿವೆ. ಗೆಲ್ಲುವ ಮಾತು ದೂರ. ಸೋಲನ್ನು ಕಡಿಮೆ ಮಾಡುವ ಮಾತೂ ಇಲ್ಲ. ಇಂತಹ ವೇಳೆಯಲ್ಲಿ ನಾವಾಗಿದ್ದರೆ ಕಾಲೆಳೆದುಕೊಂಡು ಶಿಳ್ಳೆಗಾಗಿ ಕಾಯುತ್ತಿದ್ದೆವು. ಅಹಮದ್ ಖಾನರು ಹಾಗೆ ಕಾಯಲಿಲ್ಲ. ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಅವರು ಗೋಲು ಹೊಡೆದರು. 10-1. ಆ ಒಂದು ಗೋಲಿನಿಂದ ಫಲಿತಾಂಶ ಬದಲಾಗಲಿಲ್ಲ, ಪದಕ ಬರಲಿಲ್ಲ. ಆದರೂ ಲೆಕ್ಕದ ಪುಸ್ತಕದಲ್ಲಿ ಭಾರತದ ಹೆಸರಿನ ಮುಂದೆ ಸೊನ್ನೆಯ ಬದಲು ಒಂದು ಎಂಬ ಅಂಕೆ ಶಾಶ್ವತವಾಗಿ ನಿಂತಿತು. ಅಂದು ನಮ್ಮನ್ನು ಸೋಲಿಸಿದ ಯುಗೊಸ್ಲಾವಿಯವು ಕೊನೆಗೆ ಹಂಗೆರಿಗೆ ಮಾತ್ರ ಸೋತು ರಜತಪದಕವನ್ನು ಗಳಿಸಿತೆಂಬುದನ್ನೂ ಹೇಳಬೇಕು.

ಆ ಸೋಲಿನ ಬಳಿಕ ದೇಶದ ಕಾಲ್ಚೆಂಡಿನ ಅಧಿಕಾರಿಗಳು ಬೂಟನ್ನು ಕಡ್ಡಾಯ ಮಾಡಿದರು. ಇದು ಅನ್ಯಾಯವೇ? ಕೇಳಿದೊಡನೆ ಹಾಗೆ ಅನ್ನಿಸುತ್ತದೆ. ಬಡವನ ಮನೆಯ ಹುಡುಗನಿಗೆ ಚೆಂಡೊಂದು ಸಿಕ್ಕರೆ ಸಾಕಾಗಿದ್ದ ಆಟಕ್ಕೆ ಇನ್ನೊಂದು ಖರ್ಚು ಸೇರಿತು. ಆದರೆ ಕೆಸರಿನಲ್ಲಿ ಜಾರುವ ಪಾದ, ಮುರಿಯುವ ಬೆರಳು, ಪರದೇಶದ ಹುಲ್ಲಿನಲ್ಲಿ ತಪ್ಪುವ ಹಿಡಿತ, ಇವೂ ನಿಜವಾದವುಗಳೇ. ಜಗತ್ತಿನೊಡನೆ ಆಡಬೇಕಾದರೆ ಜಗತ್ತಿನ ಸಾಧನಗಳನ್ನು ಕಲಿಯಲೇಬೇಕು. ಫಲವೂ ಕಾಣಿಸಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ರಹೀಮರ ಶಿಷ್ಯರು ನಾಲ್ಕನೆಯ ಸ್ಥಾನಕ್ಕೆ ಏರಿದರು. ನಮ್ಮ ಮುಂಬಯಿಯ ನೆವಿಲ್ ಡಿಸೋಜಾ ಆಸ್ಟ್ರೇಲಿಯದ ವಿರುದ್ಧ ಮೂರು ಗೋಲು ಹೊಡೆದರು. 1962ರಲ್ಲಿ ಜಕಾರ್ತದಲ್ಲಿ ಭಾರತವು ಎರಡನೆಯ ಸಲ ಏಷ್ಯನ್ ಕ್ರೀಡೆಗಳ ಸ್ವರ್ಣವನ್ನು ಗೆದ್ದಿತು. ಇದಕ್ಕೆ ಬೂಟೊಂದೇ ಕಾರಣವಲ್ಲ. ಹೊಸ ವ್ಯೂಹರಚನೆ, ಶಿಸ್ತು, ಶಿಕ್ಷಣ ಎಲ್ಲವೂ ಸೇರಿದ್ದವು.

ಬೂಟು ಬಂದ ಮೇಲೆ ನಮ್ಮ ಹಾವಾಡಿಗರು ಏನು ಮಾಡಿದರು? ಮುನಿದು ಮನೆಗೆ ಹೋದರೇ? ಇಲ್ಲ. ಯಾವ ಬರಿಗಾಲು ಅವರಿಗೆ ಹೆಸರನ್ನು ತಂದಿತ್ತೋ ಅದನ್ನು ಮುಚ್ಚಿಕೊಂಡು, ಇಪ್ಪತ್ತಾರು ದಾಟಿದ ವಯಸ್ಸಿನಲ್ಲಿ ಹೊಸದಾಗಿ ಅಭ್ಯಾಸ ಮಾಡಬೇಕಾಯಿತು. ಬಾಲ್ಯದಲ್ಲಿ ಕಲಿತುದನ್ನು ಮರೆಯುವುದು ಹೊಸತನ್ನು ಕಲಿಯುವುದಕ್ಕಿಂತ ಕಷ್ಟ. ಈಸ್ಟ್ ಬೆಂಗಾಲ್ ತಂಡ 1953ರಲ್ಲಿ ರುಮೇನಿಯಕ್ಕೂ ಸೋವಿಯತ್ ರಷ್ಯಕ್ಕೂ ಪ್ರವಾಸ ಹೋಗಿ ಬಂದಿತು. ಅಹಮದ್ ಖಾನರು 1959ರವರೆಗೆ, ಅಂದರೆ ಬೂಟು ಕಡ್ಡಾಯವಾದ ಮೇಲೆಯೂ ಹಲವು ವರ್ಷ, ಅದೇ ತಂಡದಲ್ಲಿ ಆಡಿದರು. ಕಾಲು ಬದಲಾಗಲಿಲ್ಲ, ಕಾಲಿನ ಉಡುಪು ಬದಲಾಯಿತು; ವಿದ್ಯೆ ಉಳಿಯಿತು.

ಆಟದಿಂದ ನಿವೃತ್ತರಾದಾಗ ಅವರಿಗೆ ಮೂವತ್ತೆರಡು ಮೂವತ್ತಮೂರರ ವಯಸ್ಸು. ಇಂದಿನ ಆಟಗಾರರಿಗೆ ದೊರೆಯುವ ಸಂಬಳ ಸಂಭಾವನೆಗಳು ಅಂದು ಇರಲಿಲ್ಲ. ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳೇ. ದೇಶದ ವೃತ್ತಿಪರ ಲೀಗುಗಳೆಲ್ಲ ದಶಕಗಳ ಬಳಿಕ ಬಂದವು. ಬೆಂಗಳೂರಿಗೆ 2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ವೃತ್ತಿಪರ ತಂಡ ಬಂದು, ಮೊದಲ ಋತುವಿನಲ್ಲಿಯೇ ದೇಶದ ಲೀಗನ್ನು ಗೆದ್ದಿತು. ಕ್ರೀಡಾಪಟುಗಳಿಗೆ ಸರಕಾರ ಕೊಡುವ ಅರ್ಜುನ ಪ್ರಶಸ್ತಿ ಸ್ಥಾಪಿತವಾದುದು 1961ರಲ್ಲಿ. ಆ ವೇಳೆಗೆ ಇವರ ಆಟ ಮುಗಿದಿತ್ತು. 2017ನೆಯ ಇಸವಿ ಆಗಸ್ಟ್ 27ರಂದು, ತೊಂಬತ್ತು ವರ್ಷಗಳ ಸಾರ್ಥಕ ಜೀವನವನ್ನು ಮುಗಿಸಿ, ಅವರು ಬೆಂಗಳೂರಿನಲ್ಲಿ ಕಣ್ಮುಚ್ಚಿದರು.

ಅವರು ತೀರಿಕೊಂಡ ನಲವತ್ತು ದಿನಗಳಲ್ಲಿ ಭಾರತದಲ್ಲಿ ಹದಿನೇಳು ವರ್ಷದೊಳಗಿನ ಬಾಲಕರ ವಿಶ್ವಕಪ್ ಆರಂಭವಾಯಿತು. ಅದರ ಕೆಲವು ಪಂದ್ಯಗಳು ನಮ್ಮ ನವಿ ಮುಂಬಯಿಯ ನೆರೂಳಿನಲ್ಲಿಯೇ, ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಡೆದವು. ದಿಲ್ಲಿಯಲ್ಲಿ ಕೊಲಂಬಿಯದ ವಿರುದ್ಧ ಜೀಕ್ಸನ್ ಸಿಂಗ್ ಎಂಬ ಮಣಿಪುರದ ಬಾಲಕ ಗೋಲು ಹೊಡೆದಾಗ, ವಿಶ್ವಕಪ್ಪೊಂದರಲ್ಲಿ ಭಾರತದ ಮೊದಲ ಗೋಲೆಂದು ದೇಶವೇ ಸಂತೋಷಪಟ್ಟಿತು. ಆ ಪಂದ್ಯವನ್ನೂ ನಾವು 2-1ರಿಂದ ಸೋತೆವು. 1948ರಲ್ಲಿ ಲಂಡನ್ನಿನಲ್ಲಿ ಸೋತ ಹಾಗೆಯೇ. 2022ರಲ್ಲಿ ಬಾಲಕಿಯರ ವಿಶ್ವಕಪ್ಪಿನ ಅಂತಿಮ ಪಂದ್ಯವೂ ನೆರೂಳಿನ ಅದೇ ಅಂಗಣದಲ್ಲಿ ನಡೆಯಿತು. ಇನ್ನು 2023ರ ಮಾರ್ಚಿನಲ್ಲಿ ಕರ್ನಾಟಕ ತಂಡವು, ಮೈಸೂರು ಎಂಬ ಹಳೆಯ ಹೆಸರಿನಲ್ಲಿ ಕೊನೆಯ ಸಲ ಗೆದ್ದ ಐವತ್ತನಾಲ್ಕು ವರ್ಷಗಳ ತರುವಾಯ, ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಮಗು, ಬೂಟಿಲ್ಲದವನೂ ಆಟಗಾರನೇ. ಅಹಮದ್ ಖಾನರು ಅದನ್ನು ಲಂಡನ್ನಿನಲ್ಲಿ ತೋರಿಸಿದ್ದಾರೆ. ಆದರೆ ಬೂಟು ಬೇಕಾದ ಕಾಲದಲ್ಲಿ ಅದನ್ನು ತೊಡಲು ಕಲಿಯುವವನೂ ಆಟಗಾರನೇ. ಅದನ್ನೂ ಅವರೇ ತೋರಿಸಿದ್ದಾರೆ. ನಮ್ಮ ತಂದೆತಾಯಿಗಳು ಬೇರೆ ಬೇರೆ ಜಿಲ್ಲೆಗಳಿಂದ ಈ ಊರುಗಳಿಗೆ ಬಂದು, ಹೊಸ ಭಾಷೆ, ಹೊಸ ಕೆಲಸಗಳನ್ನು ಕಲಿತು ನೆಲೆಸಿದರು. ತಮ್ಮ ನುಡಿಯನ್ನೂ ಬಿಡಲಿಲ್ಲ, ಊರಿನ ನುಡಿಗೂ ಹೊರಗಿನವರಾಗಿ ಉಳಿಯಲಿಲ್ಲ. ಬೆಂಗಳೂರಿನಿಂದ ಕಲ್ಕತ್ತೆಗೆ ಹೋದ ಆ ಆಟಗಾರನ ಕಥೆ ನಮಗೆ ಅಪರಿಚಿತವೇನಲ್ಲ.

ಶಾಲೆಯ ಹಳೆಯ ವಿದ್ಯಾರ್ಥಿಗಳು ಕೂಡಿ ಈ ವರ್ಷ ಆರು ಜೊತೆ ಬೂಟುಗಳನ್ನು ಕ್ರೀಡಾವಿಭಾಗಕ್ಕೆ ಕೊಟ್ಟಿದ್ದಾರೆ. ಯಾರ ಅಳತೆಗೆ ಸರಿಹೋಗುವುದೋ ಅವರು ತೊಟ್ಟು, ಆಡಿ, ತೊಳೆದು, ಒಣಗಿಸಿ ಮರಳಿಸಬೇಕು. ಆ ಹುಡುಗನು ಈಗ ದಿನವೂ ಅಭ್ಯಾಸ ಮಾಡುತ್ತಿದ್ದಾನೆ. ಬೂಟು ತೊಟ್ಟರೆ ಚೆಂಡು ಎಲ್ಲಿದೆಯೆಂದೇ ಕಾಲಿಗೆ ತಿಳಿಯುವುದಿಲ್ಲವೆಂದು ಮೊನ್ನೆ ದೂರಿದ. ತಿಳಿಯುತ್ತದೆ, ತುಸು ಕಾಲ ಬೇಕು ಎಂದೆ. ಅವನು ಲೇಸನ್ನು ಮತ್ತೊಮ್ಮೆ ಬಿಗಿದುಕೊಂಡು ಅಂಗಳಕ್ಕೆ ಓಡಿದ.